ನೆಲಗಡಲೆಯ ಚೀಲದಲ್ಲಿ ಕಾಣದ ವಿಷ

ಮುಂಬಯಿಯ ಮಳೆಗಾಲವನ್ನು ಬಲ್ಲವರಿಗೆ ಅದರ ತೇವದ ವಿಚಾರವನ್ನು ನಾವು ಬಣ್ಣಿಸಬೇಕಾಗಿಲ್ಲ. ಖೋಲಿಯ ಗೋಡೆ ಬೆವರುತ್ತದೆ. ಮೂಲೆಯಲ್ಲಿಟ್ಟ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಹೋಟೆಲಿನ ಉಗ್ರಾಣದಲ್ಲಿರುವ ನೆಲಗಡಲೆಯ ಚೀಲವನ್ನೂ ಆ ತೇವ ಬಿಡುವುದಿಲ್ಲ. ಕಳೆದ ಶ್ರಾವಣದಲ್ಲಿ ಉಪನಗರದ ಹೋಟೆಲೊಂದರ ಹಿಂಬದಿಯಲ್ಲಿ ಹಿರಿಯ ಭಟ್ಟರೊಬ್ಬರು ಮೊರದಲ್ಲಿ ನೆಲಗಡಲೆ ಹರಡಿಕೊಂಡು, ಕಪ್ಪಾದ ಹಾಗೂ ಸುಕ್ಕಿದ ಕಾಳುಗಳನ್ನು ಆರಿಸುತ್ತಿದ್ದುದನ್ನು ಕಂಡೆವು. “ಹೇಗೂ ಹುರಿಯುತ್ತೇವಲ್ಲ ಭಟ್ಟರೆ, ಸರಿಹೋಗುವುದಿಲ್ಲವೆ?” ಎಂದು ಪಕ್ಕದ ಹುಡುಗ ಕೇಳಿದ. “ಹುರಿದರೆ ವಾಸನೆ ಹೋದೀತು, ದೋಷ ಹೋಗುವುದಿಲ್ಲ ಮಾರಾಯ” ಎಂದು ಅವರು ಉತ್ತರವಿತ್ತರು.

ಭಟ್ಟರ ಮಾತು ದಿಟವಾದುದು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಬ್ರೆಜಿಲಿನಿಂದ ತರಿಸಿದ ನೆಲಗಡಲೆ ಹಿಂಡಿಯಲ್ಲಿ ಬೆಳೆದ ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟಿನ ವಿಷವೇ ಅದಕ್ಕೆ ಮೂಲವೆಂದು ಶೋಧನೆಯಿಂದ ಹೊರಬಿತ್ತು. ಅದಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಾಯಿತು. 1974ರಲ್ಲಿ ನಮ್ಮ ದೇಶದಲ್ಲಿಯೇ, ಗುಜರಾತ ಮತ್ತು ರಾಜಸ್ಥಾನದ ಗಡಿಸೀಮೆಯ ಹಳ್ಳಿಗಳಲ್ಲಿ, ಮಳೆಗೆ ನೆನೆದ ಮೆಕ್ಕೆಜೋಳವನ್ನು ಉಂಡ 397 ಮಂದಿ ಕಾಮಾಲೆಗೆ ತುತ್ತಾದರು. ಅವರಲ್ಲಿ 106 ಮಂದಿ ತೀರಿಕೊಂಡರು. ಬಡವರಿಗೆ ಆ ಜೋಳವನ್ನು ಬಿಟ್ಟರೆ ಬೇರೆ ಕಾಳಿರಲಿಲ್ಲ.

ಈ ವಿಷಕ್ಕೆ ಬಣ್ಣವಿಲ್ಲ. ಅಡಿಗೆಯ ಕಾವು ಇದನ್ನು ಪೂರ್ತಿಯಾಗಿ ಅಳಿಸಲಾರದು. ದಿನವೂ ತುಸುತುಸುವಾಗಿ ಒಳಸೇರಿದರೆ ವರುಷಗಳ ಮೇಲೆ ಯಕೃತ್ತಿನ ಅರ್ಬುದಕ್ಕೆ ಕಾರಣವಾಗಬಲ್ಲದು. ಆದುದರಿಂದಲೇ ಸಂಸ್ಕರಣೆಗೆ ಹೋಗುವ ನೆಲಗಡಲೆಯಲ್ಲಿ ಇದು ಕಿಲೋವೊಂದಕ್ಕೆ 15 ಮೈಕ್ರೋಗ್ರಾಮನ್ನು, ಎಂದರೆ ನೂರು ಕೋಟಿ ಪಾಲಿನಲ್ಲಿ 15 ಪಾಲನ್ನು, ಮೀರಬಾರದೆಂದು ನಮ್ಮ ಕಾನೂನು ವಿಧಿಸಿದೆ.

ಇಷ್ಟು ಸೂಕ್ಷ್ಮವಾದುದನ್ನು ಅಳೆಯುವುದೆಂತು? ದೊಡ್ಡ ಪ್ರಯೋಗಶಾಲೆಯ ಯಂತ್ರಗಳು ಅಳೆಯುತ್ತವೆ. ಆದರೆ ಅದಕ್ಕೆ ಹಣವೂ ನುರಿತ ಕೈಯೂ ಬೇಕು, ಫಲಿತಾಂಶಕ್ಕೆ ಕಾಯಬೇಕು. ಈ ಕೊರತೆಯನ್ನು ನೀಗಲು ಬಂದುದೇ ಬಯೋಸೆನ್ಸರ್ ಎಂಬ ಜೈವಿಕ ಸಂವೇದಕ. ಹೆಸರು ಹೊಸದಾದರೂ ವಸ್ತು ನಮಗೆ ಪರಿಚಿತವೇ. ಸಕ್ಕರೆಕಾಯಿಲೆಯವರು ಬೆರಳು ಚುಚ್ಚಿ ರಕ್ತದ ಹನಿಯನ್ನು ಪಟ್ಟಿಗೆ ಮುಟ್ಟಿಸುವ ಯಂತ್ರವೂ ಇದೇ ಜಾತಿಯದು. ಅದರ ಮೂಲ ಕಲ್ಪನೆಯನ್ನು 1962ರಲ್ಲಿ ಅಮೇರಿಕೆಯ ಲೀಲ್ಯಾಂಡ್ ಕ್ಲಾರ್ಕ್ ಮುಂದಿಟ್ಟರು.

ಬೂಷ್ಟಿನ ವಿಷಕ್ಕಾಗಿ ರಚಿಸಿದ ಸಂವೇದಕದಲ್ಲಿ, ಆ ಒಂದು ವಿಷವನ್ನೇ ಗುರುತಿಸಿ ಹಿಡಿಯುವ ಪ್ರತಿಕಾಯಗಳನ್ನು ಲೋಹದ ತೆಳುವಾದ ಹಾಳೆಗೆ ಅಂಟಿಸಿರುತ್ತಾರೆ. ಕಾಳನ್ನು ಪುಡಿಮಾಡಿ, ದ್ರಾವಕದಲ್ಲಿ ಕಲಕಿ, ಸೋಸಿದ ಹನಿಯನ್ನು ಅದರ ಮೇಲೆ ಬಿಟ್ಟರೆ, ವಿಷವು ಪ್ರತಿಕಾಯಕ್ಕೆ ಬೀಗಕ್ಕೆ ಕೀಲಿ ಕೂಡುವಂತೆ ಕೂಡುತ್ತದೆ. ಆಗ ವಿದ್ಯುತ್ತಿನ ಹರಿವು ತುಸು ಬದಲಾಗುತ್ತದೆ. ಯಂತ್ರವು ಅದನ್ನು ಅಂಕಿಯಾಗಿ ತೋರಿಸುತ್ತದೆ. ಇದೇ ತತ್ತ್ವದ ಅಗ್ಗದ ಪಟ್ಟಿಗಳೂ ಉಂಟು. ಹೈದರಾಬಾದಿನ ಬಳಿಯ ಇಕ್ರಿಸ್ಯಾಟ್ ಸಂಸ್ಥೆಯು 2016ರಲ್ಲಿ ಪ್ರಕಟಿಸಿದ ಪಟ್ಟಿಯು ಸುಮಾರು 15 ನಿಮಿಷಗಳಲ್ಲಿ ಉತ್ತರ ಹೇಳುತ್ತದೆ. ಕೋವಿಡ್ ಪಟ್ಟಿಯಲ್ಲಿ ಗೆರೆ ಮೂಡಿದರೆ ರೋಗವೆಂದು ಅರ್ಥವಿತ್ತು. ಇಂತಹ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಗೆರೆ ಮಾಸಿದರೆ ವಿಷವೆಂದು ಅರ್ಥ.

ಆದರೂ ಒಂದು ಮಾತನ್ನು ಹೇಳದಿರಲಾರೆವು. ಯಂತ್ರವು ತನಗೆ ಕೊಟ್ಟ ಹಿಡಿಯನ್ನಷ್ಟೇ ಅಳೆಯಬಲ್ಲದು. ವಿಷವಾದರೋ ಚೀಲದಲ್ಲಿ ಸಮವಾಗಿ ಹರಡಿರುವುದಿಲ್ಲ. ಸಾವಿರ ಕಾಳು ಶುದ್ಧವಾಗಿದ್ದು ಒಂದೇ ಕಾಳಿನಲ್ಲಿ ತುಂಬಿರಬಹುದು. ವಾಶಿಯ ಧಾನ್ಯಪೇಟೆಯಲ್ಲಿ ಚೀಲದ ಬಾಯಿಂದ ತೆಗೆದ ಒಂದು ಹಿಡಿಯು ತಳದ ಕಥೆಯನ್ನು ಹೇಳಲಾರದು. ಮೇಲೆ, ನಡುವೆ, ಕೆಳಗೆ, ಹೀಗೆ ಹಲವೆಡೆಗಳಿಂದ ತೆಗೆದು ಬೆರಸಿ ಪರೀಕ್ಷಿಸಿದರೆ ಮಾತ್ರ ಅಂಕಿಗೆ ಬೆಲೆ.

ಈ ಪಟ್ಟಿಗಳು ನಮ್ಮ ಅಡಿಗೆಮನೆಗಳಿಗೆ ಬರುವವರೆಗೆ ಭಟ್ಟರ ಮೊರವೇ ನಮಗೆ ಆಧಾರ. ಚೀಲವನ್ನು ನೆಲಕ್ಕೂ ಗೋಡೆಗೂ ತಾಗಿಸದೆ ಹಲಗೆಯ ಮೇಲಿಡುವುದು, ಮಳೆಗಾಲದಲ್ಲಿ ಬೇಕಾದಷ್ಟನ್ನೇ ತರಿಸುವುದು, ಬಣ್ಣಗೆಟ್ಟ ಕಾಳನ್ನು ಆರಿಸಿ ಎಸೆಯುವುದು: ಇವಿಷ್ಟರಿಂದಲೇ ಅಪಾಯದ ಬಹುಪಾಲು ಕಡಮೆಯಾಗುತ್ತದೆ. ಆರಿಸಿದ ಕಾಳನ್ನು ನಷ್ಟವೆಂದು ಬಗೆದು ಕೆಲಸಗಾರರ ಊಟದ ಚಟ್ನಿಗೆ ಹಾಕುವ ಪದ್ಧತಿ ಎಲ್ಲಿಯಾದರೂ ಇದ್ದರೆ ಮಾಲಕರು ಅದನ್ನು ಇಂದೇ ನಿಲ್ಲಿಸಬೇಕೆಂದು ನಮ್ಮ ವಿನಂತಿ. ಗಿರಾಕಿಯ ತಟ್ಟೆಗೆ ಸಲ್ಲದ ಕಾಳು ಬಡಿಸುವವನ ಎಲೆಗೂ ಸಲ್ಲದು.