ಜಿಂಕೆಯ ಮೂಳೆ, ಮಗುವಿನ ಮುಖ

ಚಿತ್ರ ಕಲಿಯುವ ಹುಡುಗ ಹುಡುಗಿಯರು ತಾವೇ ಕಟ್ಟಿದ ಪಾತ್ರಗಳನ್ನು ತಂದು ತೋರಿಸಿದಾಗ ನನ್ನ ಕಣ್ಣು ಮೊದಲು ಹೋಗುವುದು ಕೈಗಳ ಕಡೆಗೆ. ಯೋಧ ಕೈ ಹಿಂದೆ ಕಟ್ಟಿ ನಿಂತಿರುತ್ತಾನೆ. ಮಾಟಗಾತಿಯ ಕೈ ನಿಲುವಂಗಿಯೊಳಗೆ ಅಡಗಿರುತ್ತದೆ. ಪಾದಗಳು ಹುಲ್ಲಿನಲ್ಲೋ ಮಂಜಿನಲ್ಲೋ ಮುಳುಗಿರುತ್ತವೆ. ಕವಚದ ಕುಸುರಿಗೆ ಮೂರು ದಿನ ಕೂತವರಿಗೆ ಐದು ಬೆರಳು ಬರೆಯಲು ಧೈರ್ಯ ಸಾಲದೆ, ಪಾತ್ರದ ನಿಲುವೇ ಬದಲಾಗಿರುತ್ತದೆ.

ಇನ್ನೊಂದು ಬಗೆಯ ಸ್ಕೆಚ್ ಪುಸ್ತಕವೂ ಬರುತ್ತದೆ. ಪುಟ ಪುಟವೂ ಡಬ್ಬಿ, ಗೋಲ, ತಲೆಬುರುಡೆ, ತೋಳಿನ ಸ್ನಾಯು. ಕೈ ಚೆನ್ನಾಗಿ ಪಳಗಿದೆ. ‘ನಿನ್ನದೇ ಒಂದು ಪಾತ್ರ ತೋರಿಸು’ ಅಂದರೆ, ‘ಇನ್ನೂ ಅನಾಟಮಿ ಮುಗಿದಿಲ್ಲ ಸಾರ್’ ಎನ್ನುತ್ತಾರೆ. ಅನಾಟಮಿ ಯಾರಿಗೂ ಮುಗಿಯುವುದಿಲ್ಲ. ಈ ಎರಡನೆಯವರನ್ನು ಕಂಡಾಗಲೇ ನನಗೆ ಹೆಚ್ಚು ಸಂಕಟ.

ಇಬ್ಬರಿಗೂ ನಾನು ಡಿಸ್ನಿಯ ‘ಬ್ಯಾಂಬಿ’ ಚಿತ್ರ ಹುಟ್ಟಿದ ಕತೆ ಹೇಳುತ್ತೇನೆ. ಅದೇ ಸ್ಟುಡಿಯೋದ 1937ರ ‘ಸ್ನೋ ವೈಟ್’ ಚಿತ್ರದಲ್ಲೂ ಜಿಂಕೆಗಳಿವೆ. ಮುದ್ದಾಗಿವೆ, ಆದರೆ ಮೈಯಲ್ಲಿ ಮೂಳೆಯೇ ಇಲ್ಲವೇನೋ ಎನ್ನುವಷ್ಟು ಮೆತ್ತಗಿವೆ. ನಾಯಕಿಯ ಸುತ್ತ ನೆರೆಯಲು ಅಷ್ಟು ಸಾಕಿತ್ತು. ಬ್ಯಾಂಬಿ ಎಂಬ ಜಿಂಕೆಮರಿಯೇ ನಾಯಕನಾಗಬೇಕು ಎಂದಾಗ ಸಾಲಲಿಲ್ಲ. ಡಿಸ್ನಿ ಸ್ಟುಡಿಯೋ ಕಲಾವಿದ ರಿಕೊ ಲೆಬ್ರನ್ ಅವರನ್ನು ಪಾಠಕ್ಕೆ ಕರೆಸಿತು. ಮೇಯ್ನ್ ರಾಜ್ಯದಿಂದ ಎರಡು ಜೀವಂತ ಮರಿಗಳು ಬಂದವು. ಲೆಬ್ರನ್ ಸತ್ತ ಮರಿಯೊಂದನ್ನೂ ತಂದು ಚರ್ಮ, ಸ್ನಾಯು, ಮೂಳೆ ಎಂದು ಪದರ ಪದರವಾಗಿ ಬಿಡಿಸಿ ತೋರಿಸಿದರು. ನಾತ ಏರಿದರೂ ಪಾಠ ನಿಲ್ಲಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಪ್ರಾಣಿಶಾಸ್ತ್ರದ ಪುಸ್ತಕಕ್ಕೆ ಒಳ್ಳೆಯ ಚಿತ್ರಗಳಾಗುತ್ತಿದ್ದವು, ಅಷ್ಟೇ. ಜಿಂಕೆಗೆ ಕಣ್ಣು ಅಕ್ಕಪಕ್ಕ, ಮೂತಿ ಉದ್ದ. ಆ ಮುಖದಲ್ಲಿ ನಗುವಿಗೂ ಅಳುವಿಗೂ ಜಾಗ ಕಡಿಮೆ. ಸ್ಟುಡಿಯೋದ ಕಲಾವಿದ ಮಾರ್ಕ್ ಡೇವಿಸ್ ಎಳೆಮಕ್ಕಳ ಮುಖಭಾವಗಳನ್ನು ಅಭ್ಯಾಸ ಮಾಡಿ, ಆ ಬೆರಗು, ಆ ನಾಚಿಕೆಯನ್ನು ಜಿಂಕೆಯ ಮುಖಕ್ಕೆ ತಂದರು. ತರುಣನಾಗಿದ್ದಾಗಲೇ ಮೃಗಾಲಯದಲ್ಲಿ ಕೂತು ಪ್ರಾಣಿಗಳನ್ನು ಬರೆದು, ಸಂಜೆ ಗ್ರಂಥಾಲಯದಲ್ಲಿ ಅಂಗರಚನೆ ಓದುತ್ತಿದ್ದ ಮನುಷ್ಯ ಅವರು. ಬುರುಡೆಯ ಯಾವ ಭಾಗವನ್ನು ಎಷ್ಟು ಜಗ್ಗಬಹುದು, ಎಲ್ಲಿ ಜಗ್ಗಿದರೆ ಜಿಂಕೆ ಜಿಂಕೆಯಾಗಿ ಉಳಿಯುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. 1942ರಲ್ಲಿ ತೆರೆಗೆ ಬಂದ ಬ್ಯಾಂಬಿ ಮಂಜುಗಡ್ಡೆಯ ಮೇಲೆ ಜಾರುವುದನ್ನು ಮತ್ತೆ ನೋಡಿ: ಕಾಲು ನಾಲ್ಕು ದಿಕ್ಕಿಗೆ ಹೋದರೂ ಒಂದೊಂದು ಕೀಲೂ ತನ್ನ ಜಾಗದಲ್ಲೇ ಇರುತ್ತದೆ.

ಪ್ರಾಣಿಗಳಿಗಷ್ಟೇ ಅಲ್ಲ, ಯಂತ್ರಗಳಿಗೂ ಈ ಮಾತು ಸಲ್ಲುತ್ತದೆ. ‘ಸ್ಟಾರ್ ವಾರ್ಸ್’ ಚಿತ್ರಕ್ಕೆ 1975ರಲ್ಲಿ ಚಿತ್ರ ಬರೆದ ರಾಲ್ಫ್ ಮೆಕ್ವಾರಿ ಅದಕ್ಕೂ ಮೊದಲು ಬೋಯಿಂಗ್ ಕಂಪನಿಯಲ್ಲಿ ತಾಂತ್ರಿಕ ಚಿತ್ರಗಳನ್ನು ಬರೆಯುತ್ತಿದ್ದವರು. ಖಳನಾಯಕ ಡಾರ್ತ್ ವೇಡರ್ ಒಂದು ಬಾಹ್ಯಾಕಾಶ ನೌಕೆಯಿಂದ ಇನ್ನೊಂದಕ್ಕೆ ಬರುತ್ತಾನೆ ಎಂದು ಕತೆಯಲ್ಲಿತ್ತು. ಹಾಗಾದರೆ ನಡುವೆ ಗಾಳಿಯಿಲ್ಲದ ಕಡೆ ಉಸಿರಾಡುವುದು ಹೇಗೆ ಎಂದು ಅವರು ಕೇಳಿದರು; ಮುಖವಾಡ ಹುಟ್ಟಿತು. ಜಗತ್ತು ಇಂದಿಗೂ ಅನುಕರಿಸುವ ಆ ಉಸಿರಿನ ಸದ್ದು ಬಂದದ್ದು ಆ ಒಂದು ಪ್ರಶ್ನೆಯ ಹಿಂದೆಯೇ. ಯಂತ್ರ ಹೇಗೆ ಕೆಲಸ ಮಾಡುತ್ತದೆಂದು ವರ್ಷಗಟ್ಟಲೆ ಬರೆದವರಿಗೆ ಮಾತ್ರ ಹೊಳೆಯುವ ಪ್ರಶ್ನೆ ಅದು, ನನಗೆ ಹಾಗನ್ನಿಸುತ್ತದೆ.

ಆದ್ದರಿಂದ ಎರಡು ವರ್ಷ ಅಭ್ಯಾಸ, ಆಮೇಲೆ ಕಲ್ಪನೆ ಎಂಬ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಬೆಳಿಗ್ಗೆ ಮೊಣಕಾಲು ಬರೆದಿರಾ? ಸಂಜೆ ಮಂಡಿನೋವಿನ ದೆವ್ವವೊಂದನ್ನು ಮೆಟ್ಟಿಲು ಇಳಿಸಿ.

ಮಾಟಗಾತಿಯ ಕೈ ಬಚ್ಚಿಟ್ಟಿದ್ದ ಹುಡುಗಿಯನ್ನು ನಾನು ಕೇಳಿದೆ, ‘ಇವಳು ಹೊಟ್ಟೆಪಾಡಿಗೆ ಏನು ಮಾಡ್ತಾಳೆ?’ ಯೋಚಿಸಿ ಹೇಳಿದಳು, ‘ಬೇರು ಅಗೀತಾಳೆ ಸಾರ್.’ ಮುಂದಿನ ವಾರ ಬಂದಾಗ ಪುಸ್ತಕದ ತುಂಬ ಅವಳ ಅಜ್ಜಿಯ ಕೈಗಳು. ಅವರೆಕಾಳು ಹಿಸುಕುವಾಗ ಹೆಬ್ಬೆರಳಿನ ಬುಡ ಉಬ್ಬುವುದು, ಬೆರಳಿನ ಗೆಣ್ಣು ಒಂದು ಕಡೆಗೆ ವಾಲಿರುವುದು, ಸಿಪ್ಪೆಯಿಂದ ಕಾಳು ಹಾರುವ ಹೊತ್ತಿಗೆ ಕಿರುಬೆರಳು ಮೇಲೇಳುವುದು. ಕೊನೆಯ ಪುಟದಲ್ಲಿ ಮಾಟಗಾತಿ ಕುಕ್ಕರುಗಾಲಲ್ಲಿ ಕೂತು ಬೇರು ಸುಲಿಯುತ್ತಿದ್ದಳು. ನಿಲುವಂಗಿಯ ತೋಳನ್ನು ಮೊಣಕೈವರೆಗೆ ಮಡಚಿಕೊಂಡಿದ್ದಳು.