ಬೀಗದ ಕೈ ಇದ್ದವರದೇ ಹೊಣೆ

ಹೊಸಪೇಟೆ ಬಳಿಯ ಕಡ್ಡಿರಾಂಪುರದಿಂದ ಯಾರನ್ನಾದರೂ ಪೊಲೀಸರು ಕರೆದೊಯ್ದರೆ ಮನೆಯವರು ಮೊದಲು ಓಡುವುದು ವಕೀಲರ ಬಳಿಗೆ. ಸಕ್ಕರೆ ಕಾಯಿಲೆಯ ಮಾತ್ರೆ, ಉಬ್ಬಸದ ಇನ್‌ಹೇಲರ್ ನೆನಪಾಗುವುದು ಆಮೇಲೆ. ಊರಲ್ಲಿದ್ದರೆ ಎದೆ ಹಿಡಿದುಕೊಂಡಾಗ ಆಟೊ ಹತ್ತಿ ಹೊಸಪೇಟೆಗೆ ಹೋಗಬಹುದು. ಕಂಬಿಯ ಹಿಂದಿರುವವರು ಎಲ್ಲಿಗೆ ಹೋಗಬೇಕು? ಅದಕ್ಕೇ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 56ನೇ ಕಲಂ ಆರೋಪಿಯ ಆರೋಗ್ಯದ ಹೊಣೆಯನ್ನು ವಶದಲ್ಲಿ ಇಟ್ಟುಕೊಂಡವರಿಗೇ ವಹಿಸಿದೆ. 53ನೇ ಕಲಂ ಪ್ರಕಾರ ಬಂಧಿಸಿದ ಕೂಡಲೇ ವೈದ್ಯರು ಪರೀಕ್ಷಿಸಬೇಕು. ಹೆಂಗಸಾದರೆ ವೈದ್ಯೆಯೇ ನೋಡಬೇಕು, ಇಲ್ಲವೇ ವೈದ್ಯೆಯ ಮೇಲ್ವಿಚಾರಣೆಯಲ್ಲಿ ಪರೀಕ್ಷೆ ನಡೆಯಬೇಕು. ಠಾಣೆಯ ಮಾತಿನಲ್ಲಿ ಇದು ‘ಮೆಡಿಕಲ್ ಮಾಡಿಸೋದು’. ಪೊಲೀಸ್ ವಶದಲ್ಲಿರುವಷ್ಟು ದಿನವೂ 48 ಗಂಟೆಗೊಮ್ಮೆ ಪರೀಕ್ಷೆ ಆಗಬೇಕೆಂದು 1996ರಲ್ಲೇ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಈ ಹೊಣೆ ಮರೆತರೆ ಏನಾಗುತ್ತದೆ ಎಂಬುದನ್ನು ಕರ್ನಾಟಕ ಕಂಡಿದೆ. ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿಯವರನ್ನು ತುರ್ತುಪರಿಸ್ಥಿತಿಯಲ್ಲಿ, 1976ರ ಮೇ 2ರಂದು ಬಂಧಿಸಿದರು. ಬಂಧನವನ್ನು ಕೋರ್ಟಿನಲ್ಲಿ ಪ್ರಶ್ನಿಸುವ ದಾರಿಯನ್ನು ಸುಪ್ರೀಂ ಕೋರ್ಟ್ ಮುಚ್ಚಿ ಆಗ ನಾಲ್ಕೇ ದಿನವಾಗಿತ್ತು. ಅವರಿಗೆ ಹಳೆಯ ಉಬ್ಬಸ. ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಅದು ಉಲ್ಬಣಿಸುತ್ತಲೇ ಹೋಯಿತು, ಸರಿಯಾದ ಚಿಕಿತ್ಸೆ ಸಿಗಲಿಲ್ಲ. ಅವರನ್ನು ಹಿಡಿದದ್ದು ಸ್ಫೋಟದ ಸಂಚು ಎನ್ನಲಾದ ಬರೋಡಾ ಡೈನಮೈಟ್ ಪ್ರಕರಣದ ಹೆಸರಿನಲ್ಲಿ. ಅದರ ದೋಷಾರೋಪಪಟ್ಟಿಯಲ್ಲಿ ಕೊನೆಗೂ ಅವರ ಹೆಸರಿರಲಿಲ್ಲ; ಆದರೂ ವಿಚಾರಣೆಯಿಲ್ಲದೆ ಸೆರೆಯಲ್ಲಿಡಬಹುದಾಗಿದ್ದ ಮೀಸಾ ಕಾಯ್ದೆಯಡಿ ಎಂಟು ತಿಂಗಳು ಒಳಗಿದ್ದರು. ಪೆರೋಲ್ ಸಿಕ್ಕಿದ್ದು 1977ರ ಜನವರಿ 15ಕ್ಕೆ. ಐದು ದಿನಕ್ಕೆ ತೀರಿಕೊಂಡರು. ಆ ಜೈಲು ಈಗ ಫ್ರೀಡಂ ಪಾರ್ಕ್.

ಕಾನೂನು ಆಗ ಇರಲಿಲ್ಲ ಎನ್ನುವಂತಿಲ್ಲ. ಬ್ರಿಟಿಷರ 1894ರ ಕಾರಾಗೃಹ ಕಾಯ್ದೆಯೇ ಸೂಕ್ಷ್ಮವಾದ ಒಂದು ಏರ್ಪಾಡು ಮಾಡಿತ್ತು: ವೈದ್ಯರು ಕೊಟ್ಟ ಸೂಚನೆಯನ್ನು ದಾಖಲಿಸಬೇಕು, ಅದು ಪಾಲನೆಯಾಯಿತೋ ಇಲ್ಲವೋ ಎಂದು ಜೈಲರ್ ಅದರೆದುರು ತಾರೀಖಿನ ಸಮೇತ ಬರೆಯಬೇಕು. ನನಗೆ ಎಲ್ಲ ಕಲಮುಗಳಿಗಿಂತ ಇದೇ ಮುಖ್ಯ ಅನ್ನಿಸುತ್ತದೆ. ಏಕೆಂದರೆ ‘ದೊಡ್ಡಾಸ್ಪತ್ರೆಗೆ ಕಳಿಸಿ’ ಎಂದು ವೈದ್ಯರು ಬರೆದ ಮೇಲೂ ಅನುಮತಿ ಬೇಕು, ವಾಹನ ಬೇಕು, ಬೆಂಗಾವಲಿಗೆ ಪೊಲೀಸರು ಬೇಕು. ರೋಗಿ ಸೋಲುವುದು ಹೆಚ್ಚಾಗಿ ಈ ನಡುವಿನ ಹೊತ್ತಿನಲ್ಲಿ.

ಹಾಗಾಗಿ ಮನೆಯವರು ಮಾಡಬೇಕಾದ್ದು ಇಷ್ಟು. ಬಂಧನದ ವೇಳೆಯ ವೈದ್ಯಕೀಯ ವರದಿಯ ಪ್ರತಿ ಬಂಧಿತರಿಗೆ ಅಥವಾ ಅವರು ಹೇಳಿದವರಿಗೆ ಸಿಗಬೇಕು, ಕೇಳಿ ಪಡೆಯಿರಿ. ಹಳೆಯ ಔಷಧ ಚೀಟಿಯ ಜೆರಾಕ್ಸ್ ಒಂದನ್ನು ಠಾಣೆಗೆ ಕೊಡಿ, ಇನ್ನೊಂದು ವಕೀಲರ ಕೈಯಲ್ಲಿರಲಿ. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿದಾಗ ಕಾಯಿಲೆಯ ವಿಷಯ ಬಾಯಿಬಿಟ್ಟು ಹೇಳಿ, ಆದೇಶದಲ್ಲಿ ಬರೆಸಿಕೊಳ್ಳಬೇಕು.