ನೀರಿದ್ದರೂ ಹಡಗು ಯಾಕೆ ನಿಲ್ಲುತ್ತದೆ?



ನನ್ನ ಅಜ್ಜಿ ಮನೆ ಶರಾವತಿ ಹಿನ್ನೀರಿನ ಆಚೆ, ತುಮರಿ ಕಡೆ ಇದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಆ ಕಡೆಯವರು ಸಾಗರಕ್ಕೆ ಬರಲು ಲಾಂಚನ್ನೇ ನಂಬಿದ್ದರು.

2023ರ ಜೂನ್ ತಿಂಗಳು. ನಾನಾಗ ಐದನೇ ತರಗತಿ. ಮಳೆ ಇನ್ನೂ ಹಿಡಿದಿರಲಿಲ್ಲ. ಅಜ್ಜಿಗೆ ಜ್ವರ ಜೋರಾಗಿ, ಅಪ್ಪ ಮತ್ತು ಮಾವ ಅವರನ್ನು ಜೀಪಿನಲ್ಲಿ ಮಲಗಿಸಿಕೊಂಡು ದಡಕ್ಕೆ ಬಂದರು. ನಾನೂ ಜೊತೆಗಿದ್ದೆ. ಲಾಂಚಿನವರು, "ನೀರು ಇಳಿದುಬಿಟ್ಟಿದೆ ಮಾರಾಯ್ರೆ, ಗಾಡಿ ಹತ್ಸಕ್ಕಾಗಲ್ಲ. ಜನ ಮಾತ್ರ ಬನ್ನಿ" ಅಂದರು. ಅಪ್ಪ ಅಜ್ಜಿಯನ್ನು ಬೆನ್ನ ಮೇಲೆ ಹೊತ್ತು ಕೆಸರಿನಲ್ಲಿ ಇಳಿದರು. ಆಚೆ ದಡದಲ್ಲಿ ಇನ್ನೊಂದು ಗಾಡಿ ಸಿಗಲು ಒಂದು ಗಂಟೆ ಕಾಯಬೇಕಾಯ್ತು. ಅಜ್ಜಿ ನಡುಗುತ್ತಾ ಕೂತಿದ್ದರು. ಕಣ್ಣು ಹಾಯುವಷ್ಟು ದೂರ ನೀರೇ ಇದೆಯಲ್ಲ, ಮತ್ಯಾಕೆ ಗಾಡಿ ಹೋಗಲ್ಲ ಅಂತ ನನಗೆ ಅಳು ಬಂತು.

ಈ ವರ್ಷ ವಿಜ್ಞಾನದ ಮೇಷ್ಟ್ರಲ್ಲಿ ಅದನ್ನೇ ಕೇಳಿದೆ. ಅವರು ಬಕೆಟ್ ನೀರಿನಲ್ಲಿ ಒಂದು ಸ್ಟೀಲ್ ಬಟ್ಟಲು ತೇಲಿಬಿಟ್ಟು, ಅದರೊಳಗೆ ಒಂದೊಂದೇ ಕಲ್ಲು ಹಾಕಲು ಹೇಳಿದರು. ಕಲ್ಲು ಹಾಕಿದಷ್ಟೂ ಬಟ್ಟಲು ಕೆಳಗೆ ಇಳಿಯಿತು. ಹಡಗೂ ಹಾಗೆಯೇ. ಅದರ ಸ್ವಲ್ಪ ಭಾಗ ಯಾವಾಗಲೂ ನೀರೊಳಗೆ ಇರುತ್ತದೆ. ಭಾರ ಹೆಚ್ಚಾದರೆ ಇನ್ನೂ ಮುಳುಗುತ್ತದೆ. ಆದ್ದರಿಂದ ನೀರು ಎಷ್ಟು ಅಗಲ ಇದೆ ಅನ್ನುವುದಕ್ಕಿಂತ ಎಷ್ಟು ಆಳ ಇದೆ ಅನ್ನುವುದು ಮುಖ್ಯ. ದಡದ ಹತ್ತಿರ ಆಳ ಇಲ್ಲದಿದ್ದರೆ ಲಾಂಚು ಗಾಡಿ ಹತ್ತಿಸುವ ಜಾಗಕ್ಕೆ ಬರಲಾರದು.

ಈ ತೊಂದರೆ ನಮಗೆ ಮಾತ್ರ ಅಲ್ಲ. ಯೂರೋಪಿನಲ್ಲಿ ರೈನ್ ಎಂಬ ನದಿ ಇದೆ. ಅದು ಸ್ವಿಟ್ಜರ್ಲೆಂಡಿನ ಆಲ್ಪ್ಸ್ ಪರ್ವತದಲ್ಲಿ ಹುಟ್ಟಿ, ಜರ್ಮನಿಯಲ್ಲಿ ಹರಿದು, ನೆದರ್ಲೆಂಡ್ಸಿನಲ್ಲಿ ಸಮುದ್ರ ಸೇರುತ್ತದೆ. ಅದರಲ್ಲಿ ಪ್ರವಾಸಿಗಳ ದೊಡ್ಡ ಹಡಗುಗಳು ಓಡುತ್ತವೆ. ಮಲಗುವ ಕೋಣೆ, ಊಟದ ಮನೆ ಎಲ್ಲಾ ಅದರಲ್ಲೇ. ಕೆಲವು 135 ಮೀಟರ್ ಉದ್ದ ಇರುತ್ತವೆ.

ಜರ್ಮನಿಯ ಕೌಬ್ ಎಂಬ ಊರಿನ ಹತ್ತಿರ ಈ ನದಿಯ ಆಳ ಕಡಿಮೆ. ಅಲ್ಲಿ ಒಂದು ಅಳತೆಪಟ್ಟಿ ಇದೆ. 2018ರ ಅಕ್ಟೋಬರ್‌ನಲ್ಲಿ ಅದು ಬರೀ 25 ಸೆಂಟಿಮೀಟರ್ ತೋರಿಸಿತು. ಹಾಗಾದರೆ ಮೊಣಕಾಲುದ್ದ ನೀರೂ ಇರಲಿಲ್ಲವೇ? ಇಲ್ಲೊಂದು ಗುಟ್ಟಿದೆ. ಪಟ್ಟಿಯ ಸೊನ್ನೆ ಹೊಳೆಯ ತಳದಲ್ಲಿ ಇಲ್ಲ. ಪಟ್ಟಿ 78 ತೋರಿಸಿದಾಗ ಹಡಗಿನ ದಾರಿಯಲ್ಲಿ ಸುಮಾರು 190 ಸೆಂಟಿಮೀಟರ್ ಆಳ ಇರುತ್ತದೆ. 190ರಲ್ಲಿ 78 ಕಳೆದರೆ 112. ಅದಕ್ಕೆ 25 ಕೂಡಿಸಿದರೆ 137. ಅಂದರೆ ನನ್ನ ಗಂಟಲಿನ ತನಕ ನೀರು! ದೊಡ್ಡ ಹಡಗಿಗೆ ಇದು ಸಾಲದು.

ಸರಕಿನ ಹಡಗಾದರೆ ಮೂಟೆ ಕಡಿಮೆ ಮಾಡಬಹುದು. ಪ್ರವಾಸಿ ಹಡಗಿನಲ್ಲಿ ಹಡಗಿನ ಭಾರವೇ ಹೆಚ್ಚು, ಜನ ಇಳಿದರೂ ಅದು ಬಹಳ ಮೇಲೇಳುವುದಿಲ್ಲ. ಅದಕ್ಕೆ ಅವರು ಒಂದು ಉಪಾಯ ಮಾಡುತ್ತಾರೆ. ಆಳವಿಲ್ಲದ ಜಾಗದ ಈಚೆ ಒಂದು ಹಡಗು, ಆಚೆ ಅಂಥದ್ದೇ ಇನ್ನೊಂದು ಹಡಗು. ಜನರನ್ನು ಬಸ್ಸಿನಲ್ಲಿ ದಾಟಿಸಿ ಆಚೆ ಹಡಗಿಗೆ ಹತ್ತಿಸುತ್ತಾರೆ.

ನೀರು ಬಹಳ ಹೆಚ್ಚಾದರೂ ಕಷ್ಟವೇ. ಹಡಗು ಮೇಲೇರಿ ಸೇತುವೆಗೆ ತಾಗಬಹುದು. ಕೌಬ್‌ನಲ್ಲಿ ಪಟ್ಟಿ 640 ಸೆಂಟಿಮೀಟರ್ ದಾಟಿದರೆ ಹಡಗು ಓಡಿಸುವಂತಿಲ್ಲ. ಬೇಸಿಗೆ ಮೊದಲಿಗೆ ಆಲ್ಪ್ಸ್ ಹಿಮ ಕರಗಿ ರೈನ್‌ಗೆ ನೀರು ಬರುತ್ತದೆ. ಮಳೆ ಕಡಿಮೆಯಾದ ವರ್ಷ ಆಗಸ್ಟ್‌ನಿಂದ ಅಕ್ಟೋಬರ್ ಹೊತ್ತಿಗೆ ಇಳಿಯುತ್ತದೆ. ಹೊರಡುವವರು ತಿಂಗಳು ನೋಡಬೇಕು, ಅಳತೆ ಕೇಳಬೇಕು, ಒಂದೆರಡು ದಿನ ಕೈಯಲ್ಲಿ ಇಟ್ಟುಕೊಳ್ಳಬೇಕು.

ಇದನ್ನು ಕೇಳಿದಾಗ ನನಗೆ ಆ ದಿನ ನೆನಪಾಯ್ತು. ನಾವೂ ಹಿಂದಿನ ದಿನವೇ ನೀರು ಎಷ್ಟಿದೆ ಅಂತ ವಿಚಾರಿಸಿ, ಆಚೆ ದಡದಲ್ಲಿ ಒಂದು ಗಾಡಿ ನಿಲ್ಲಿಸಿದ್ದರೆ ಅಜ್ಜಿ ಅಷ್ಟು ಹೊತ್ತು ನಡುಗಬೇಕಿರಲಿಲ್ಲ.

2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆ ಆಯ್ತು. ಅಜ್ಜಿ ಈಗ ಬಸ್ಸಿನಲ್ಲೇ ಬರುತ್ತಾರೆ. ಆದರೂ ಸೇತುವೆ ಮೇಲೆ ಬಂದಾಗ ಕಿಟಕಿಯಿಂದ ಇಣುಕಿ, "ನೀರು ಎಷ್ಟಿದೆ ನೋಡು ಮಗಾ" ಅನ್ನುತ್ತಾರೆ. ನಾನು ನೋಡಿ ಹೇಳುತ್ತೇನೆ.

– 7ನೇ ತರಗತಿಯ ವಿದ್ಯಾರ್ಥಿನಿ